ಮಣ್ಣಾಗದ ಹಾಳೆ

ದಿವ್ಯ ಪೆಟ್ಟಿಗೆಯ ಬೀಗ ತೆಗೆದಳು. ಒಳಗೆ ಖಾಲಿ!

ಶೆಟ್ಟಿಕೆರೆ ಪಕ್ಕದ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ಹೆಣಗಿ ಆಕೆ ಮಾಡಿದ್ದ ಪ್ಲಾಸ್ಟಿಕ್ ಹಾಳೆಯ ಸುರುಳಿ ಮಾಯ. ಮರಗೆಣಸಿನ ಹಿಟ್ಟಿಗೆ ತೆಂಗಿನೆಣ್ಣೆಯಿಂದ ತೆಗೆದ ಸತ್ವ ಸೇರಿಸಿ ಮಾಡಿದ್ದು—ಅದರಲ್ಲಿ ಸುತ್ತಿಟ್ಟ ತೆಂಗಿನಕಾಯಿ ಚೂರಿಗೆ ಬ್ಯಾಕ್ಟೀರಿಯಾ ಹತ್ತದು, ಬಿಸಾಡಿದರೆ ಹಾಳೆ ಮಣ್ಣಾಗುತ್ತದೆ. ನೋಡಿ ಒಪ್ಪಿಕೊಳ್ಳಲು, ಹಾಳೆ ಕೊಳ್ಳುವ ಕಂಪನಿಯವರು ಮರುದಿನ ಬರುವವರಿದ್ದರು. ಹಾಳೆಯೇ ಇಲ್ಲದಿದ್ದರೆ ಆಕೆಯನ್ನು ಯಾರು ನಂಬುತ್ತಾರೆ?

ದೂರು ಬಂದ ಕೂಡಲೇ ಕಾನ್‌ಸ್ಟೇಬಲ್ ಶಿವಣ್ಣನಾದ ನನ್ನನ್ನು ಕರೆದುಕೊಂಡು ಬಂದ ನಮ್ಮ ಸಬ್ ಇನ್‌ಸ್ಪೆಕ್ಟರ್ ಸುನಂದಾ ಮೇಡಂ ಬೀಗವನ್ನು ತಿರುಗಿಸಿ ನೋಡಿದರು. ಮೀಟಿದ ಗುರುತಿರಲಿಲ್ಲ.

"ತಿಂಗಳಿಂದ ಮೈಸೂರಲ್ಲಿದ್ರಿ. ಕೀಲಿ ಯಾರ ಹತ್ರ ಇತ್ತು?"

"ನನ್ ತಮ್ಮ ಚಿತ್ತೇಶನ ಹತ್ರ. ಅವನ ಮೇಲೆ ಅನುಮಾನ ಬ್ಯಾಡ ಮೇಡಂ. ನನ್ ಬಲಗೈ ಅವನು."

ಚಿತ್ತೇಶ್ ಕಣ್ಣೊರೆಸಿಕೊಂಡ. "ಅಕ್ಕ ಇಲ್ದಾಗ ಪ್ಲಾಸ್ಟಿಕ್ ಕವರ್ ವ್ಯಾಪಾರಿ ಜ್ಞಾನೇಶ ಬಂದು ಶೆಡ್ಡೆಲ್ಲಾ ನೋಡ್ಕೊಂಡು ಹೋದ. ಕೀಲಿ ಗೂಟದಲ್ಲೇ ನೇತಾಡ್ತಿತ್ತು. ಅವನದೇ ಕೆಲ್ಸ ಕಣ್ರೀ!"

ಜ್ಞಾನೇಶನನ್ನು ಕರೆಸಿದೆವು. ಬಂದವನೇ ರೇಗಿದ.

"ಮಣ್ಣಾಗೋ ಪ್ಲಾಸ್ಟಿಕ್ಕು ಅನ್ನೋದೇ ಬುರುಡೆ. ತಿಪಟೂರು ಪೇಟೇಲೆಲ್ಲಾ ಹಂಗೇ ಹೇಳ್ಕೊಂಡ್ ಬಂದಿದೀನಿ. ಬುರುಡೇನ ಯಾರ್ರೀ ಕದೀತಾರೆ?"

ಇವನೇ ಕಳ್ಳ ಅಂತ ನಾನು ತೀರ್ಮಾನಿಸಿಬಿಟ್ಟೆ. ಆ ಮೋರೆ ನೋಡಿದರೇ ಮೈ ಉರಿಯುತ್ತಿತ್ತು. ಮೇಡಂ ಮಾತ್ರ ತೋಟದೊಳಗೆ ನಡೆದು, ಬುಡದ ಮಣ್ಣು ಹೊಸದಾಗಿ ಅಗೆದಿದ್ದ ಒಂದು ತೆಂಗಿನ ಮರದ ಹತ್ತಿರ ನಿಂತರು.

"ಶಿವಣ್ಣ, ಈ ಬೇಸಿಗೇಲಿ ಬುಡ ಬಿಡಿಸಿ ಗೊಬ್ಬರ ಹಾಕ್ತಾರೇನ್ರೀ? ಅದೂ ಒಂದೇ ಮರಕ್ಕೆ?"

ಅಗೆದೆವು. ಒಂದು ಪದರ ಸಗಣಿ, ಒಂದು ತುಂಡು ಹಾಳೆ, ಮತ್ತೆ ಸಗಣಿ, ಮತ್ತೆ ಹಾಳೆ. ನೀರು ಹಾಕಿ ತೊಳೆದರೆ ತುಂಡುಗಳೆಲ್ಲ ಹೊಸದರಂತೆಯೇ ಇದ್ದವು.

"ಜ್ಞಾನೇಶ ಕದ್ದಿದ್ರೆ ಸುಟ್ಟುಹಾಕ್ತಿದ್ದ," ಎಂದರು ಮೇಡಂ. "ಇದು ಮಣ್ಣಾಗುತ್ತೆ ಅಂತ ಅವನು ನಂಬಿದವನೇ ಅಲ್ಲ. ಕದ್ದೋನು ನಂಬಿದ್ದ. ಸಗಣಿ ಪದರದಲ್ಲಿ ಹೂತರೆ ಬೇಗ ಕರಗುತ್ತೆ ಅಂತ ಯಾರಿಗೆ ಹೇಳ್ಕೊಟ್ಟಿದ್ರಿ ದಿವ್ಯಾ?"

ದಿವ್ಯ ತಮ್ಮನ ಕಡೆ ತಿರುಗಿದಳು.

"ಚಿತ್ತೇಶಂಗೆ... ಅದು ಹಳೇ ಹಾಳೆಗೆ. ಇದಕ್ಕೆ ಬ್ಯಾಕ್ಟೀರಿಯಾ ಸಾಯಿಸೋ ಸತ್ವ ಜಾಸ್ತಿ ಹಾಕಿದ್ದೆ. ಮಣ್ಣಲ್ಲಿ ಕರಗ್ಸೋದೂ ಬ್ಯಾಕ್ಟೀರಿಯಾನೇ ಅಲ್ವಾ, ಇದು ಕರಗೋಕೆ ವರ್ಷ ಬೇಕು."

ಚಿತ್ತೇಶ್ ತಲೆ ತಗ್ಗಿಸಿದ. "ಹಿಟ್ಟು ಕಲಸಿ ಕೈ ಬೊಬ್ಬೆ ಬಂದಿದ್ದು ನಂಗೂ ಕಣಕ್ಕ. ಪೇಪರ್‌ನಾಗೆ ನಿನ್ ಫೋಟೋ ಒಂದೇ ಬಂತು."

"ಬಾಯ್ಬಿಟ್ಟು ಕೇಳಬಾರದಿತ್ತೇನೋ? ಊರೆಲ್ಲಾ ನಗ್ತಿದ್ದಾಗ ನನ್ ಮಾತು ನಂಬಿದ್ದೋನು ನೀನೊಬ್ನೇ," ಎಂದಳು ದಿವ್ಯ. "ನಂಬಿದ್ದಕ್ಕೇ ಹೂತುಬಿಟ್ಯಲ್ಲೋ."

ಆಕೆ ಬಕೆಟ್ಟಿನ ಮುಂದೆ ಕುಳಿತು ಹಾಳೆ ತೊಳೆಯತೊಡಗಿದಳು. ಅವನೂ ಒಂದು ತುಂಡಿಗೆ ಕೈ ಚಾಚಿದ.

ಆಕೆ ಕೊಡಲಿಲ್ಲ.