ಐವತ್ನಾಲ್ಕು ಅಡಿ

"ಆ ಅಂಜನಪ್ಪನ ಕೈ ಮುರೀದೆ ಬುಡಲ್ಲ ಕಣಕ್ಕಾ!"

ಬೆಳಗ್ಗೆ ಏಳಕ್ಕೇ ಶ್ರೀರಂಗಯ್ಯ ಕೂಗುತ್ತ ಲಕ್ಷ್ಮಕ್ಕನ ಜಗಲಿ ಹತ್ತಿದಾಗ ಆಟೋ ದಯಾನಂದ ಇನ್ನೂ ಕಾಫಿ ಲೋಟ ಕೆಳಗಿಟ್ಟಿರಲಿಲ್ಲ. ಮೂವತ್ತು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತರಾದ ಲಕ್ಷ್ಮಕ್ಕನ ಮುಂದೆ ಬಿಳಿಗೆರೆ ಸುತ್ತಿನ ಯಾವ ಕಳ್ಳಾಟವೂ ದಕ್ಕಿದ್ದಿಲ್ಲ. ಅವರನ್ನು ಕೂರಿಸಿಕೊಂಡು ತಿರುಗುವುದೇ ದಯಾನಂದನ ಹೆಮ್ಮೆ.

ವಿಷಯ ಇಷ್ಟು. ಸರ್ಕಲ್ಲಿನಲ್ಲಿ ತೆಂಗಿನಕಾಯಿ ಲಾರಿಗಳು ಸಿಕ್ಕಿಕೊಂಡು ಬಸ್ಸು ಮಿಸುಕದಂತಾಗಿ, ಊರಿಗೆ ಬೈಪಾಸ್ ರಸ್ತೆಯ ನಕ್ಷೆ ತಯಾರಾಗುತ್ತಿತ್ತು. ಹಿಂದಿನ ದಿನ ಎಂಜಿನಿಯರ್ ದಿನೇಶ್ ಶ್ರೀರಂಗಯ್ಯನ ಬೇಲಿಯಾಚೆಯ ಸರ್ಕಾರಿ ಬೀಳಿನಲ್ಲಿ ರಸ್ತೆಯ ಗುರುತಿಗೆ ಆರು ಗೂಟ ನೆಡಿಸಿದ್ದ. ಬೆಳಗಾಗುವಷ್ಟರಲ್ಲಿ ಆರೂ ಗೂಟಗಳು ತೋಟದೊಳಗೆ, ಫಲ ಬಿಡುವ ಮರಗಳ ನಟ್ಟನಡುವೆ ಇದ್ದವು. ಬೈಪಾಸ್ ಆದರೆ ಸರ್ಕಲ್ಲಿನ ತನ್ನ ಹೋಟೆಲು ಮುಚ್ಚಬೇಕಾಗುತ್ತದೆಂದು ಅಂಜನಪ್ಪ ವಾರದಿಂದ ಹಾರಾಡುತ್ತಿದ್ದ. ಶ್ರೀರಂಗಯ್ಯನ ಮಕ್ಕಳು ಆಗಲೇ ದೊಣ್ಣೆ ಹಿಡಿದು ಹೋಟೆಲಿನ ಮುಂದೆ ನಿಂತಿದ್ದರು.

"ಹನ್ನೊಂದರವರೆಗೆ ಟೈಮ್ ಕೊಡಿ. ಅಲ್ಲೀವರೆಗೂ ಯಾರೂ ಕೈ ಎತ್ತಬಾರದು," ಅಂದರು ಲಕ್ಷ್ಮಕ್ಕ.

ತೋಟದಲ್ಲಿ ದಿನೇಶ್ ಹಳೇ ಗುಳಿಗಳಿಂದ ಟೇಪ್ ಹಿಡಿದು ಅಳೆದ. "ಆರೂ ಒಂದೇ ಸಮ ಐವತ್ನಾಲ್ಕು ಅಡಿ ಸರಿದಿವೆ ಮೇಡಂ."

ಲಕ್ಷ್ಮಕ್ಕ ದಯಾನಂದನ ಕಡೆ ತಿರುಗಿದರು. "ಇಲ್ಲಿ ಮರದಿಂದ ಮರಕ್ಕೆ ಎಷ್ಟದೆ ಅಳಿ. ಆಮೇಲೆ ಅಂಜನಪ್ಪನ ತೋಟ, ಈ ತೋಟದ ಹಿಂದ್ಗಡೆ ಇರೋ ಶಾಂತಕುಮಾರಿ ತೋಟ."

"ಮರ ಅಳೆದ್ರೆ ಕಳ್ಳ ಸಿಗ್ತಾನಾ ಅಕ್ಕಾ?"

"ನೀನು ಅಳಿ ಕಣ್ಲಾ."

ಶ್ರೀರಂಗಯ್ಯನದು ಮೂವತ್ತು ಅಡಿ, ಅಂಜನಪ್ಪನದೂ ಮೂವತ್ತು. ಶಾಂತಕುಮಾರಿಯ ತೋಟದಲ್ಲಿ ಮಾತ್ರ ಇಪ್ಪತ್ತೇಳು. ದಯಾನಂದನಿಗೆ ತಲೆಬುಡ ತಿಳಿಯಲಿಲ್ಲ.

ಹನ್ನೊಂದಕ್ಕೆ ಎಲ್ಲರೂ ಹೋಟೆಲಿನ ಮುಂದೆ ಸೇರಿದರು.

"ಬೈಪಾಸ್ ಬೇಡ ಅನ್ನೋನು ಗೂಟ ಕಿತ್ತು ಒಲೆಗೆ ಹಾಕ್ತಾನೆ," ಲಕ್ಷ್ಮಕ್ಕ ಶುರುಮಾಡಿದರು. "ಇಲ್ಲಿ ಕಿತ್ತೋರು ಮತ್ತೆ ನೆಟ್ಟವ್ರೆ. ಅವರಿಗೆ ರಸ್ತೆ ಬೇಕು, ಶ್ರೀರಂಗಯ್ಯನ ತೋಟದಲ್ಲೇ ಬೇಕು. ಅಂದ್ಮೇಲೆ ಅಂಜನಪ್ಪ ಅಲ್ಲ."

"ಬದುಕಿಸ್ದೆ ಕಣಕ್ಕಾ!" ಅಂಜನಪ್ಪ ಬೆವರೊರೆಸಿಕೊಂಡ.

"ಒಂದೇ ಸಮ ಸರಿಸೋಕೆ ಅಳತೆ ಬೇಕು. ನಮ್ಮೋರ ಮನೇಲಿ ತೆಂಗಿನ ಸಸಿ ನೆಡೋ ಹಗ್ಗ ಇರ್ತದೆ, ಸಸಿಗೊಂದು ಗಂಟು. ತುದಿಯಿಂದ ಎರಡನೇ ಗಂಟಿನವರೆಗೆ ಅಳೆದು ಸರಿಸವ್ರೆ. ಮೂವತ್ತರ ಹಗ್ಗವಾಗಿದ್ರೆ ಅರವತ್ತು ಬರಬೇಕಿತ್ತು. ಐವತ್ನಾಲ್ಕು ಬಂದದೆ. ಇಲ್ಲಿ ಇಪ್ಪತ್ತೇಳಕ್ಕೆ ಗಂಟು ಹಾಕಿದೋನು ಒಬ್ಬನೇ, ತೀರಿಕೊಂಡ ರಂಗನಾಥ."

ಎಲ್ಲರೂ ರಂಗನಾಥನ ಹೆಂಡತಿಯ ಕಡೆ ತಿರುಗಿದರು. ಶಾಂತಕುಮಾರಿ ತಲೆ ತಗ್ಗಿಸಲಿಲ್ಲ.

"ಹೂಂ ಕಣಕ್ಕಾ, ನಾನೇ. ನಮ್ಮನೆಯೋರಿಗೆ ಎದೆನೋವು ಬಂದ ದಿನ ಆಂಬುಲೆನ್ಸು ನಮ್ಮನೆಗೆ ಬರೋ ದಾರೀಲಿ ಈ ಶ್ರೀರಂಗಯ್ಯನೋರ ತೋಟದ ಗೇಟಿನ ಮುಂದೆ ಬಡ್ಕೊಂತಾ ನಿಂತಿತ್ತು. 'ಇವತ್ತು ತೆಗೆದ್ರೆ ನಾಳೆ ದಾರಿ ನಮ್ಮದೇ ಅಂತೀರಾ' ಅಂದ್ರು. ಅದು ಕೆರೆ ಸುತ್ತಿ ಬರೋ ಹೊತ್ಗೆ ಎಲ್ಲಾ ಮುಗಿದಿತ್ತು. ಒಂದು ಗಾಡಿಗೆ ದಾರಿ ಬುಡದೋರ ತೋಟದಲ್ಲಿ ಹಗಲೂ ರಾತ್ರಿ ಲಾರಿ ಓಡ್ಲಿ ಅಂತಲೇ ಮಾಡ್ದೆ."

ಶ್ರೀರಂಗಯ್ಯ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡ. "ನಾಳೆಯೇ ಗೇಟು ಕೀಳಿಸ್ತೀನಿ ಕಣಮ್ಮ. ಪೊಲೀಸು ಗಿಲೀಸು ಬೇಡ, ಇಲ್ಲಿಗೇ ಬುಟ್ಬುಡಾನ."

"ಯಾಕೆ ಬುಡಬೇಕು? ಕಂಪ್ಲೇಂಟ್ ಕೊಡ್ರಿ. ಗೂಟ ಯಾಕೆ ಕಿತ್ತೆ ಅಂತ ನನ್ನ ಕೇಳ್ಲಿ. ಗೇಟು ಯಾಕೆ ತೆಗೀಲಿಲ್ಲ ಅಂತ ನಿಮ್ಮನ್ನೂ ಕೇಳ್ಲಿ. ನಿಮ್ಮ ಬಾಯಲ್ಲೇ ಹೇಳ್ರಿ, ಅವರು ಬರ್ಕೊಳ್ಳಲಿ."

ಹಾಗೆಂದವಳೇ ಆಟೋ ಹತ್ತಿ ಕೂತಳು. "ನಡೀಪ್ಪ ದಯಾನಂದ, ಸ್ಟೇಷನ್ನಿಗೆ."

ದಯಾನಂದ ಲಕ್ಷ್ಮಕ್ಕನ ಮುಖ ನೋಡಿದ. ಅವರು ಹೂಂ ಅಂದರು.

ಆಟೋ ಹೊರಟಾಗ ದೊಣ್ಣೆ ಹಿಡಿದಿದ್ದವರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.