ಅಳಿಸಿಹೋದ ಸಂಚಿಕೆ

ಟಿವಿಯಲ್ಲಿ ಕಂಪ್ಯೂಟರ್ ಪಾಠದ ನೇರಪ್ರಸಾರ ಶುರುವಾಗಿ ಎರಡೇ ನಿಮಿಷ... ಕಂಪ್ಯೂಟರ್ ನಿಂತುಹೋಯಿತು!

ಪರದೆ ಕಪ್ಪು. ಕ್ಯಾಮೆರಾದ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ನಿರೂಪಕಿ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

ಆಗ ಮೇಜಿನ ಕೆಳಗಿನಿಂದ ಕೈಯೊಂದು ಅವಳತ್ತ ಚೀಟಿ ಚಾಚಿತು. 'ಮಾತು ನಿಲ್ಲಿಸಬೇಡಿ. ನಾನಿದ್ದೀನಿ.'

ಅವಳು ಬಾಯಿಗೆ ಬಂದದ್ದೆಲ್ಲ ಮಾತಾಡಿದಳು. ನಾಲ್ಕು ನಿಮಿಷಕ್ಕೆ ಪರದೆ ಬೆಳಗಿತು.

ಕಾರ್ಯಕ್ರಮ ಮುಗಿದ ಮೇಲೆ ಮೈಯೆಲ್ಲ ಧೂಳಾಗಿ ಹೊರಬಂದ ತಂತ್ರಜ್ಞನನ್ನು ಅವಳು ಮೊದಲ ಸಲ ಸರಿಯಾಗಿ ನೋಡಿದಳು.

"ಎಲ್ಲರೂ ವೈರಪ್ಪ ಅಂತಾರೆ," ಎಂದ ಅವನು, ಹೆಗಲ ಮೇಲಿನ ವೈರು ಸುತ್ತುತ್ತಾ.

"ಪ್ರತಿ ವಾರ ಅಲ್ಲೇ ಕೂತಿರ್ತೀರಾ?"

"ಮೊದಲ ಸಂಚಿಕೆಯಿಂದ. ನಿಮ್ಮ ಚಪ್ಪಲಿಗಳ ಪರಿಚಯ ಚೆನ್ನಾಗಿದೆ!"

ಹೆದರಿಕೆಯೆಲ್ಲ ನಗುವಾಗಿ ಹೊರಬಂತು ಅವಳಿಗೆ. ಅಂದಿನಿಂದ ಬಸ್ ನಿಲ್ದಾಣದವರೆಗೆ ಇಬ್ಬರೂ ಜೊತೆಗೇ ನಡೆದರು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪ್ರತಿಸಲ ಬಸ್ಸು ಬಂದುಬಿಡುತ್ತಿತ್ತು.

ಒಂದು ವಾರ ವಯಸ್ಸಾದವರಿಗೆ ಕಂಪ್ಯೂಟರ್ ಕಲಿಸುವ ಸಂಚಿಕೆ. ಅವಳು ತನ್ನ ಅಪ್ಪನನ್ನೇ ಕರೆತಂದಳು. ನಲವತ್ತು ವರ್ಷ ಬಟ್ಟೆ ಹೊಲಿದ ದರ್ಜಿ ಅವರು. ಮೌಸನ್ನು ಇಸ್ತ್ರಿಪೆಟ್ಟಿಗೆಯಂತೆ ಮೇಜಿಗೆ ಒತ್ತಿ ಉಜ್ಜಿದಾಗ ಸ್ಟುಡಿಯೋಗೆ ಸ್ಟುಡಿಯೋವೇ ನಕ್ಕಿತು.

ಎರಡು ತಿಂಗಳಿಗೆ ಅಪ್ಪ ತೀರಿಕೊಂಡರು.

ಅವರ ದನಿ ಎಲ್ಲೂ ಇರಲಿಲ್ಲ, ಆ ಸಂಚಿಕೆಯ ಟೇಪಿನಲ್ಲಿ ಬಿಟ್ಟು. ಅವಳು ಟೇಪುಕೋಣೆಗೆ ಓಡಿದಳು. ಆದರೆ ಟೇಪುಗಳಿಗೆ ಕೊರತೆಯಿದ್ದ ಕಾಲ ಅದು. ಹಳೆಯದನ್ನು ಅಳಿಸಿ ಹೊಸದನ್ನು ತುಂಬುತ್ತಿದ್ದರು. ದಾಖಲೆ ಪುಸ್ತಕದಲ್ಲಿ ಆ ಸಂಚಿಕೆಯ ಮುಂದೆ 'ಅಳಿಸಲಾಗಿದೆ' ಎಂದಿತ್ತು. ಪಕ್ಕದಲ್ಲಿ ವೈರಪ್ಪನ ಸಹಿ!

"ನನ್ನ ಅಪ್ಪ ಅಂತ ಗೊತ್ತಿದ್ದೂ ಅಳಿಸಿದ್ರಾ?"

ಅವನು ತಲೆ ತಗ್ಗಿಸಿದ. ಒಂದು ಮಾತೂ ಆಡಲಿಲ್ಲ.

ಹಾಗಾದರೆ ಗೊತ್ತಿತ್ತು... ಗೊತ್ತಿದ್ದೂ! ಅವಳ ಎದೆ ಕಲ್ಲಾಯಿತು. ಅದೇ ವಾರ ಕೆಲಸ ಬಿಟ್ಟಳು.

ಆರು ವರ್ಷ ಕಳೆದವು. ಅವಳೀಗ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಒಂದು ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ತರಗತಿಯ ಬಾಗಿಲಲ್ಲಿ ಅವನು ನಿಂತಿದ್ದ. ಕಿವಿಯ ಪಕ್ಕ ಕೂದಲು ನರೆತಿತ್ತು. ಕಂಕುಳಲ್ಲಿ ವಿಡಿಯೋ ಪ್ಲೇಯರ್.

"ಐದು ನಿಮಿಷ ಕೊಡಿ. ಆಮೇಲೆ ಹೊರಗೆ ಹಾಕಿ."

ಅವಳು ಬೋರ್ಡು ಒರೆಸುತ್ತಲೇ ಇದ್ದಳು. ಅವನೇ ತರಗತಿಯ ಟಿವಿಗೆ ವೈರು ಜೋಡಿಸಿದ.

ಚಿತ್ರ ನಡುಗಿತು, ಗೆರೆಗಳು ಓಡಿದವು. ಆಮೇಲೆ... ಅಪ್ಪ!

"ನಿಧಾನಕ್ಕೆ ಹೇಳಮ್ಮ. ನಾನೇನು ಎದ್ದು ಓಡಿಹೋಗ್ತೀನಾ?"

ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಆರು ವರ್ಷ ತಡೆದಿಟ್ಟ ಅಳು ಒಮ್ಮೆಲೇ ಒಡೆಯಿತು.

"ಇದು... ಎಲ್ಲಿ ಸಿಕ್ತು?"

"ನಮ್ಮ ಕಾರ್ಯಕ್ರಮಕ್ಕೆ ಮೂಟೆಗಟ್ಟಲೆ ಪತ್ರ ಬರ್ತಿತ್ತಲ್ಲ, ಆ ವಿಳಾಸಗಳಿಗೆಲ್ಲ ಬರೆದೆ. ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರು ನೋಡಿ ಕಲಿಯೋಕೆ ಅಂತ ಮನೇಲಿ ರೆಕಾರ್ಡ್ ಮಾಡಿಟ್ಟಿದ್ರು. ಕಳೆದ ವಾರ ಅವರ ಉತ್ತರದ ಜೊತೆ ಕ್ಯಾಸೆಟ್ಟೂ ಬಂತು."

"ಅವತ್ತು ಅಳಿಸೋವಾಗ ಗೊತ್ತಿತ್ತಾ ನಿಮಗೆ?"

"ಇಲ್ಲ. ಅಳಿಸೋ ಟೇಪುಗಳ ಪಟ್ಟಿಯಲ್ಲಿ ಬರೀ ನಂಬರ್ ಇತ್ತು. ತೆಗೆದು ನೋಡದೆ ಅಳಿಸಿದೆ. ತಪ್ಪು ನನ್ನದೇ."

"ಗೊತ್ತಿರಲಿಲ್ಲ ಅಂತ ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ರೆ ನನ್ನ ಮನಸ್ಸು ಹಗುರ ಆಗ್ತಿತ್ತು. ನಿಮ್ಮದು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕ್ಯಾಸೆಟ್ ಸಿಗದೇ ಹೋಗಿದ್ರೆ?"

"ಹುಡುಕ್ತಾನೇ ಇರ್ತಿದ್ದೆ. ಬರಿಗೈಲಿ ನಿಮ್ಮ ಮುಂದೆ ನಿಲ್ಲೋ ಧೈರ್ಯ ಇರಲಿಲ್ಲ... ಪ್ರೀತಿ ಇತ್ತು. ಈಗಲೂ ಇದೆ."

"ನಾನು ಎಲ್ಲಿದ್ದೀನಿ ಅಂತ ಗೊತ್ತಿತ್ತಲ್ಲ? ನನ್ನನ್ನ ಹುಡುಕೋ ಅಗತ್ಯವೂ ಇರಲಿಲ್ಲ. ಸುಮ್ಮನೆ ಬರಬೇಕಿತ್ತು!"

"ಬಂದಿದ್ರೆ ಬೈತಿದ್ರಿ."

"ಬೈತಿದ್ದೆ. ಆಮೇಲೆ ಅಳ್ತಿದ್ದೆ. ಆಮೇಲೆ... ಕೂತ್ಕೋ ಅಂತಿದ್ದೆ."

ಅವನು ಮೆಲ್ಲಗೆ ಕೇಳಿದ, "ಈಗ ಕೂತ್ಕೊಳ್ಳಲಾ?"

ಅವಳು ಬೆಂಚಿನ ಮೇಲಿದ್ದ ತನ್ನ ಚೀಲವನ್ನು ತೆಗೆದು ಕೆಳಗಿಟ್ಟಳು.