ಆಸ್ಪತ್ರೆ ತೊಟ್ಟಿಯ ಮುಚ್ಚಳ

"ಸಾಹೇಬ್ರೇ, ನನ್ನ ಗಂಡನ್ನ ಕೊಂದೇಬಿಡ್ತಾರೆ! ನೀವೇ ಕಾಪಾಡ್ಬೇಕು!" ಎನ್ನುತ್ತ ನೀರುಗಂಟಿಯ ಹೆಂಡತಿ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಸಿದಳು.

ಭಾವ ಆಗತಾನೇ ಬಾಯಿ ಮುಕ್ಕಳಿಸಲು ಹೋಗಿ ಥೂ ಎಂದು ಉಗಿದಿದ್ದರು. ನಲ್ಲಿಯಲ್ಲಿ ಬಂದ ನೀರು ಡೀಸೆಲ್ ನಾರುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ತವರುಮನೆಯನ್ನು ಅಕ್ಕನಿಗಿಂತ ಹೆಚ್ಚಾಗಿ ಹಚ್ಚಿಕೊಂಡು ಇಲ್ಲೇ ಬೀಡುಬಿಟ್ಟವರು. ಊರಲ್ಲಿ ಸೂಜಿ ಕಳೆದರೂ ಜನ ಠಾಣೆಗೆ ಹೋಗದೆ ನಮ್ಮ ಮನೆಗೆ ಬರುತ್ತಿದ್ದರು. ನಾನು ಬೋರ್ಡ್ ಬರೆಯುವವನು. ಅಂಗಡಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಬರೆಸುವವರೇ ಇರಲಿಲ್ಲ. ಭಾವನ ಬಾಲ ಹಿಡಿದು ಓಡಾಡುವುದೇ ನನ್ನ ಉದ್ಯೋಗವಾಗಿತ್ತು.

ನಮ್ಮ ಪುರಸಭೆ ದಿವಾಳಿಯಾಗಿತ್ತು. ಬೀದಿದೀಪ ಉರಿಯುತ್ತಿರಲಿಲ್ಲ, ಆಂಬುಲೆನ್ಸ್ ಟೈರಿಲ್ಲದೆ ಇಟ್ಟಿಗೆಗಳ ಮೇಲೆ ನಿಂತಿತ್ತು. ಪಕ್ಕದ ದೊಡ್ಡ ಊರಿನವರು, "ಸಾಲದ ಸಮೇತ ನಿಮ್ಮನ್ನು ಸೇರಿಸಿಕೊಳ್ಳುತ್ತೇವೆ, ಆದರೆ ನಿಮ್ಮ ಹೆಸರೂ ಬೇಡ, ಪುರಸಭೆಯೂ ಬೇಡ" ಎಂದಿದ್ದರು. ಅತ್ತ ದರಿ, ಇತ್ತ ಪುಲಿ. ಅಂದು ಸಂಜೆಯೇ ಪುರಸಭೆಯಲ್ಲಿ ಈ ವಿಲೀನದ ಮೇಲೆ ಓಟು. ವಿರೋಧಿಗಳ ಮುಂದಾಳು ಪುರಸಭೆ ಸದಸ್ಯರಾಗಿದ್ದ ನಮ್ಮ ಮೇಷ್ಟ್ರು. ಅರ್ಧ ಊರಿಗೆ ಅಕ್ಷರ ಕಲಿಸಿದವರು, ನನಗೂ ಅವರೇ ಕಲಿಸಿದ್ದು. ಅವರ ಕಡೆ ಒಂದೇ ಒಂದು ಓಟು ಹೆಚ್ಚಿತ್ತು.

ನೀರಿನ ಟ್ಯಾಂಕಿನ ಕೆಳಗೆ ಊರೇ ನೆರೆದಿತ್ತು. ನೀರುಗಂಟಿ ಪಂಪ್‌ಹೌಸಿನ ಒಳಗೆ ಚಿಲಕ ಹಾಕಿಕೊಂಡು ಕೂತಿದ್ದ. ಇಬ್ಬರು ಕಾನ್‌ಸ್ಟೇಬಲ್‌ಗಳು ಬಾಗಿಲಿಗೆ ಬೆನ್ನು ಕೊಟ್ಟು ಜನರನ್ನು ತಡೆಯುತ್ತಿದ್ದರು.

"ಗೇಟಿನ ಬೀಗ ಒಡೆದಿಲ್ಲ. ಬೀಗದ ಕೈ ಇರೋದು ಇವನ ಹತ್ರ. ಪಕ್ಕದೂರಿನವರ ಕಾಸು ತಿಂದಿದ್ದಾನೆ!" ಎಂದು ಯಾರೋ ಕೂಗಿದರು.

ವಿಲೀನಕ್ಕಾಗಿ ಟ್ಯಾಂಕಿನ ಅಳತೆ ಮಾಡಲು ಬಂದಿದ್ದ ಪಕ್ಕದೂರಿನ ಇಂಜಿನಿಯರ್ ಹೆದರಿ ತನ್ನ ಕಾರಿನ ಮರೆಯಲ್ಲಿ ನಿಂತಿದ್ದ. ಪುರಸಭೆಯ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಿದ್ದ. ಮೇಷ್ಟ್ರು ಮಾತ್ರ ತೂರಿಬರುತ್ತಿದ್ದ ಕಲ್ಲುಗಳ ನಡುವೆ ಕೈ ಅಗಲಿಸಿ ನಿಂತಿದ್ದರು.

"ಅವನನ್ನ ಹೊಡೀಬೇಡ್ರಪ್ಪಾ! ಮಾಡಿಸಿದೋರು ಪಕ್ಕದೂರಲ್ಲಿದ್ದಾರೆ. ಸಂಜೆ ಓಟಲ್ಲಿ ಉತ್ತರ ಕೊಡೋಣ. ಪುಣ್ಯಕ್ಕೆ ಆಸ್ಪತ್ರೆ ನೀರಿಗೆ ಏನೂ ಆಗಿಲ್ಲ, ಅಷ್ಟೇ ಸಮಾಧಾನ" ಎಂದರು. ಆ ಮಾತು ಕೇಳಿ ನನಗೂ ಸಮಾಧಾನವಾಯಿತು.

"ಬೆಳಿಗ್ಗೆಯಿಂದ ಮೇಲೆ ಯಾರಾದ್ರೂ ಹತ್ತಿದ್ರಾ?" ಭಾವ ಕಾನ್‌ಸ್ಟೇಬಲ್‌ನನ್ನು ಕೇಳಿದರು.

"ಯಾರನ್ನೂ ಬಿಟ್ಟಿಲ್ಲ ಸಾರ್."

ನೀರುಗಂಟಿ ಕಿಟಕಿಯಿಂದ ಬೀಗದ ಕೈ ಎಸೆದ. ನಾವು ಹತ್ತಿದೆವು. ಮೇಲೆ ನಾನೇ ಬರೆದ "ಈ ಊರು ಮಾರಾಟಕ್ಕಿಲ್ಲ" ಎಂಬ ಬ್ಯಾನರ್ ಗಾಳಿಗೆ ಪಟಪಟಿಸುತ್ತಿತ್ತು. ಹಿಂದಿನ ದಿನ ಮೇಷ್ಟ್ರು ಆ ವಯಸ್ಸಿನಲ್ಲೂ ತಾವೇ ಹತ್ತಿ ಅದನ್ನು ಕಟ್ಟಿದ್ದರು. ಟ್ಯಾಂಕಿನಲ್ಲಿ ಎರಡು ತೊಟ್ಟಿ, ಎರಡು ಮುಚ್ಚಳ. ಒಂದರ ಮೇಲೆ "ಊರು", ಇನ್ನೊಂದರ ಮೇಲೆ "ಆಸ್ಪತ್ರೆ". ಎರಡೂ ನನ್ನದೇ ಅಕ್ಷರ, ಬಣ್ಣ ಮಾಸಿತ್ತು. "ಊರು" ತೆರೆದಿತ್ತು, ಪಕ್ಕದಲ್ಲಿ ಪಂಪಿನ ಡೀಸೆಲ್ ಕ್ಯಾನ್ ಬಿದ್ದಿತ್ತು. "ಆಸ್ಪತ್ರೆ" ಮುಚ್ಚಳದ ಮೇಲೆ ಹಕ್ಕಿ ಹಿಕ್ಕೆ ಗಟ್ಟಿಯಾಗಿ ಕೂತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಆಸ್ಪತ್ರೆಗೆ ಹೋಗೋಣ ನಡಿ" ಎಂದರು ಭಾವ.

ಆಸ್ಪತ್ರೆಯ ನಲ್ಲಿ ತಿರುಗಿಸಿದರೆ ಅಲ್ಲೂ ಅದೇ ನಾತ! ವಾರ್ಡಿನಲ್ಲಿ ವಾಂತಿ ಮಾಡುತ್ತಿದ್ದವರಲ್ಲಿ ಮೇಷ್ಟ್ರ ಹೆಂಡತಿಯೂ ಇದ್ದರು. ಆಪರೇಷನ್ ಆಗಿ ಎರಡು ದಿನವಾಗಿತ್ತಷ್ಟೇ. "ನನ್ನ ಕೈ ಮೀರಿದೆ. ಪಕ್ಕದೂರಿನ ಆಂಬುಲೆನ್ಸ್ ಕರೆಸಿದ್ದೀನಿ" ಎಂದರು ಡಾಕ್ಟರು.

ಸುದ್ದಿ ತಿಳಿದು ಮೇಷ್ಟ್ರು ಓಡಿಬಂದರು. ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸಿದರು. "ಇದು ಹೇಗೆ ಸಾಧ್ಯ? ಹೇಗೆ ಸಾಧ್ಯ?" ಎನ್ನುತ್ತ ನೆಲದ ಮೇಲೆ ಕೂತುಬಿಟ್ಟರು. ಅವರ ಹೆಂಡತಿಯನ್ನು ಮಲಗಿಸಿಕೊಂಡು ಆಂಬುಲೆನ್ಸ್ ಹೊರಟಾಗ ನಾನು, "ನೀವೂ ಹತ್ತಿ ಮೇಷ್ಟ್ರೇ" ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. "ಸಂಜೆ ಓಟಿದೆ ಕಣೋ."

ಭಾವ ಟ್ಯಾಂಕಿನ ಬಳಿಗೆ ಮರಳಿ, ಪಂಪ್‌ಹೌಸಿನ ಕಿಟಕಿಗೆ ಬಾಯಿ ಇಟ್ಟು ನೀರುಗಂಟಿಯನ್ನು ವಿಚಾರಿಸಿದರು.

"ಆಸ್ಪತ್ರೆ ತೊಟ್ಟಿ ಬಿರುಕು ಬಿಟ್ಟು ವರ್ಷ ಆಯ್ತು ಸಾರ್. ಒಂದು ತೊಟ್ಟು ನೀರಿಲ್ಲ ಅದರಲ್ಲಿ. ಆಸ್ಪತ್ರೆ ಪೈಪನ್ನೂ ಊರಿನ ತೊಟ್ಟಿಗೇ ಸೇರಿಸಿದ್ದೀನಿ."

"ಯಾರ್ ಯಾರಿಗೆ ಗೊತ್ತು?"

"ಮ್ಯಾನೇಜರಿಗೆ. ರಿಪೇರಿ ಮಾಡಿಸೋಕಾಗಲ್ಲ, ಜನ ಗಾಬರಿಯಾಗ್ತಾರೆ, ಬಾಯಿ ಮುಚ್ಕೊಂಡಿರು ಅಂದಿದ್ದೇ ಅವರು. ಮತ್ತೆ ಅಳತೆಗೆ ಬಂದ ಈ ಇಂಜಿನಿಯರಿಗೂ ತೋರಿಸಿದ್ದೀನಿ. ಇನ್ಯಾರಿಗೂ ಇಲ್ಲ. ಎಲ್ಲರೂ ಅದನ್ನ ಆಸ್ಪತ್ರೆ ತೊಟ್ಟಿ ಅಂತಲೇ ಕರೀತಾರೆ."

ಸಂಜೆ ಪುರಸಭೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀರುಗಂಟಿಯನ್ನು ಕಾನ್‌ಸ್ಟೇಬಲ್‌ಗಳು ನಡುವೆ ನಿಲ್ಲಿಸಿಕೊಂಡಿದ್ದರು. ಅವನ ಹೆಂಡತಿ ಅವನ ಅಂಗಿಯ ಚುಂಗು ಹಿಡಿದಿದ್ದಳು. ಅಧ್ಯಕ್ಷೆ ಓಟಿಗೆ ಕರೆಯುವ ಮೊದಲೇ ಭಾವ ಎದ್ದರು.

"ನೀರು ಕೆಡಿಸಿದೋನ ಹತ್ರ ಬೀಗದ ಕೈ ಇತ್ತು. ಇರೋದು ಎರಡು. ಒಂದು ನೀರುಗಂಟಿ ಹತ್ರ. ಇನ್ನೊಂದು ಎಲ್ಲಿ ಮ್ಯಾನೇಜರೇ?"

ಮ್ಯಾನೇಜರ್ ತಡವರಿಸಿದ. "ನಿನ್ನೆ... ಬ್ಯಾನರ್ ಕಟ್ಟೋಕೆ ಮೇಷ್ಟ್ರು ತಗೊಂಡ್ರು. ವಾಪಸ್ ಬಂದಿಲ್ಲ."

ಸಭೆ ಗುಜುಗುಜು ಎಂದಿತು. ಭಾವ ಕೈಯೆತ್ತಿ ತಡೆದರು.

"ಬೀಗದ ಕೈ ಒಂದರಿಂದಲೇ ಯಾರನ್ನೂ ಅಪರಾಧಿ ಅನ್ನೋಕಾಗಲ್ಲ. ನೀರು ಕೆಡಿಸಿದೋನು ಊರಿನ ತೊಟ್ಟಿಗೆ ಡೀಸೆಲ್ ಸುರಿದ, ಆಸ್ಪತ್ರೆ ತೊಟ್ಟಿ ಮುಟ್ಟಲಿಲ್ಲ. ಆದ್ರೆ ಅದು ವರ್ಷದಿಂದ ಖಾಲಿ! ನೀರುಗಂಟಿ, ಮ್ಯಾನೇಜರ್, ಇಂಜಿನಿಯರ್ ಮೂವರಿಗೂ ಇದು ಗೊತ್ತು. ಊರಿನ ನೀರು ಕೆಟ್ಟರೆ ಆಸ್ಪತ್ರೆ ನೀರೂ ಕೆಡುತ್ತೆ ಅಂತ ಗೊತ್ತು. ಬೆಳಿಗ್ಗೆ ಮಾತ್ರ ಒಬ್ಬರು ಹೇಳಿದ್ರು: ಪುಣ್ಯಕ್ಕೆ ಆಸ್ಪತ್ರೆ ನೀರಿಗೆ ಏನೂ ಆಗಿಲ್ಲ ಅಂತ. ಆಗಿನ್ನೂ ಆಸ್ಪತ್ರೆಗೆ ಯಾರೂ ಹೋಗಿರಲಿಲ್ಲ. ಯಾವ ಮುಚ್ಚಳ ತೆರೆದಿದೆ ಅಂತ ನೋಡೋಕೆ ಮೇಲೂ ಯಾರೂ ಹತ್ತಿರಲಿಲ್ಲ. ಹಾಗಾದ್ರೆ ಅವರಿಗೆ ಹೇಗೆ ಗೊತ್ತಾಯ್ತು? ಆಸ್ಪತ್ರೆ ಅಂತ ಬರೆದಿದ್ದನ್ನ ಓದಿ, ನಂಬಿ, ಆ ಮುಚ್ಚಳ ಬಿಟ್ಟು ಬಂದವರಿಗೆ ಮಾತ್ರ ಗೊತ್ತು. ಊರೆಲ್ಲ ಯಾರು ಮಾಡಿದ್ದು ಅಂತ ಕೇಳ್ತು. ಆಸ್ಪತ್ರೆ ನಲ್ಲಿ ಹತ್ರ ಅವರೊಬ್ಬರೇ ಹೇಗೆ ಸಾಧ್ಯ ಅಂತ ಕೇಳಿದ್ರು."

ನನಗೆ ಭಾವನ ಮೇಲೆ ಸಿಟ್ಟು ಬಂತು. ವಿಲೀನ ಬೇಡವೆಂದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರೇ ಅವರು.

ಮೇಷ್ಟ್ರು ಎದ್ದು ನಿಂತರು. "ಪಕ್ಕದೂರಿನವರೇ ಮಾಡಿದ್ರು ಅಂತ ಜನ ರೊಚ್ಚಿಗೇಳ್ತಾರೆ, ಊರು ಉಳಿಯುತ್ತೆ ಅಂದ್ಕೊಂಡೆ. ನನ್ನ ಕಡೆಯೋರೇ ಇಬ್ಬರು ಸದಸ್ಯರು ಅಲ್ಲಾಡ್ತಿದ್ರು. ಈ ನೀರುಗಂಟಿ ತಲೆಗೆ ಬರುತ್ತೆ ಅಂತ ಗೊತ್ತಿರಲಿಲ್ಲ."

"ಬಂದ ಮೇಲೂ ಸುಮ್ನಿದ್ರಲ್ಲಾ!" ಎಂದು ನೀರುಗಂಟಿಯ ಹೆಂಡತಿ ಕಿರುಚಿದಳು.

"ಸುಮ್ನಿದ್ದೆ ತಾಯಿ" ಎಂದರು ಮೇಷ್ಟ್ರು.

ಕಾನ್‌ಸ್ಟೇಬಲ್ ನೀರುಗಂಟಿಯನ್ನು ಬಿಟ್ಟು ಮೇಷ್ಟ್ರ ತೋಳು ಹಿಡಿದ. ಅವನೂ ಅವರ ಶಿಷ್ಯನೇ, ಅಳುತ್ತಿದ್ದ. ಅಧ್ಯಕ್ಷೆ ಓಟಿಗೆ ಕರೆದರು. "ವಿಲೀನಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ."

"ಸ್ವಲ್ಪ ತೋಳು ಬಿಡಪ್ಪಾ" ಎಂದರು ಮೇಷ್ಟ್ರು. "ಅವಳು ಅಲ್ಲಿ ಮಲಗಿದ್ದಾಳೆ. ಬದುಕಿದ್ರೆ ಆ ಊರಿನ ನೀರು ಕುಡಿದೇ ಬದುಕಬೇಕು."

ಅವರು ಕೈ ಎತ್ತಿದರು. ಅವರನ್ನೇ ನೋಡುತ್ತಿದ್ದ ಅವರ ಕಡೆಯವರೂ ಒಬ್ಬೊಬ್ಬರಾಗಿ ಎತ್ತಿದರು. ಅಧ್ಯಕ್ಷೆ ಎಣಿಸಿ ಮುಗಿಸಿ, ಕಣ್ಣೊರೆಸಿಕೊಂಡು, ಸಭೆ ಮುಗಿಯಿತು ಎಂದರು. ಎಲ್ಲರ ಕೈ ಇಳಿದರೂ ಮೇಷ್ಟ್ರ ಕೈ ಇಳಿಯಲಿಲ್ಲ. ಭಾವನೇ ಹೋಗಿ, ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಮೆಲ್ಲಗೆ ಇಳಿಸಿದರು.